ಎ4 ಆಗಿರುವ ಅಕೌಂಟ್ಸ್ ಮ್ಯಾನೇಜರ್: 318(4), 316, 344, 61 – ಯಾವುದು ನಿಲ್ಲುತ್ತೆ, ಯಾವುದು ಬೀಳುತ್ತೆ?

ಮುಂಗಾರು_ಮೋಡ:
ನಮ್ಮ ಭಾವ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಮ್ಯಾನೇಜರ್. ವಿತರಕರಿಂದ ಮುಂಗಡ ತಗೊಂಡು ಮಾಲು ಕಳಿಸಿಲ್ಲ, ಆ ದುಡ್ಡನ್ನ ಮಾಲೀಕರ ಇನ್ನೊಂದು ಕಂಪನಿಗೆ ತಿರುಗಿಸಿದ್ದಾರೆ ಅಂತ ದೂರು. ಎಫ್‌ಐಆರ್‌ನಲ್ಲಿ ಎಂ.ಡಿ. ಎ1 (ಮೊದಲ ಆರೋಪಿ), ನಿರ್ದೇಶಕರಿಬ್ಬರು ಎ2, ಎ3. ನಮ್ಮ ಭಾವ ಎ4. ಭಾರತೀಯ ನ್ಯಾಯ ಸಂಹಿತೆಯ 318(4), 316, 344, 61 ಹಾಕಿದ್ದಾರೆ. ದುಡ್ಡು ವರ್ಗಾವಣೆಯ ವೋಚರ್‌ಗಳ ಮೇಲೆ ಇವರ ಸಹಿ ಇದೆ, ಅದು ನಿಜ. ಆದರೆ ಸಂಬಳ ಬಿಟ್ಟು ಒಂದು ಪೈಸೆ ನನಗೆ ಬಂದಿಲ್ಲ, ಎಂ.ಡಿ. ಹೇಳಿದ್ದನ್ನ ಮಾಡಿದೆ ಅಂತಾರೆ. ಠಾಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ವಿಚಾರಣೆಗೆ ಬನ್ನಿ ಅಂತ ನಾಗರಿಕ ಸುರಕ್ಷಾ ಸಂಹಿತೆಯ (ಹಳೆ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 35(3) ನೋಟಿಸ್ ಬಂದಿದೆ. ಸಂಬಳದ ಖಾತೆ ಫ್ರೀಜ್ ಆಗಿದೆ. ಕಂಪನಿಯವರು ನಮ್ಮ ವಕೀಲರೇ ನಿಮಗೂ ನಿಲ್ತಾರೆ, ಖರ್ಚಿಲ್ಲ ಅಂದಿದ್ದಾರೆ. ಈ ಕಲಂಗಳ ಅರ್ಥ ಏನು, ಇವರ ಕಡೆಯಿಂದ ಏನು ವಾದ ಮಾಡಬಹುದು? ತಿಳಿದವರು ಬಿಡಿಸಿ ಹೇಳಿ.

ಕರಿಕೋಟು:
ಕ್ರಿಮಿನಲ್ ಕಡೆ ವಕೀಲಿ ಮಾಡುತ್ತೇನೆ. ಕಡತ ನೋಡದೆ ಯಾರೂ ಖಚಿತ ಸಲಹೆ ಕೊಡಲಾಗದು, ಹಾಗಾಗಿ ಇದನ್ನು ನಕ್ಷೆ ಅಂತ ಓದಿಕೊಳ್ಳಿ.

ಮೊದಲು ದಿನಾಂಕ. ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ವ್ಯವಹಾರ ಅದಕ್ಕಿಂತ ಹಿಂದಿನದಾದರೆ ಅನ್ವಯಿಸುವುದು ಹಳೆಯ ಐಪಿಸಿ, ಎಫ್‌ಐಆರ್ ಆಮೇಲೆ ದಾಖಲಾಗಿದ್ದರೂ ಸರಿ. ಇದು ಬರೀ ನಂಬರಿನ ತಕರಾರಲ್ಲ. ಸಾದಾ ನಂಬಿಕೆದ್ರೋಹಕ್ಕೆ ಐಪಿಸಿ 406ರಲ್ಲಿ ಗರಿಷ್ಠ 3 ವರ್ಷ ಇತ್ತು, ಹೊಸ 316(2)ರಲ್ಲಿ 5 ವರ್ಷ. ಕೃತ್ಯ ನಡೆದಾಗ ಇದ್ದ ಶಿಕ್ಷೆಗಿಂತ ಹೆಚ್ಚಿನದನ್ನು ಹೇರಬಾರದು ಎಂದು ಸಂವಿಧಾನದ 20(1)ನೇ ವಿಧಿಯೇ ಹೇಳುತ್ತದೆ. ಪ್ರತಿಯೊಂದು ವೋಚರ್‌ನ ತಾರೀಖು ಬರೆದಿಟ್ಟುಕೊಳ್ಳಿ.

318(4) ವಂಚನೆ, ಹಳೆಯ 420. 7 ವರ್ಷದವರೆಗೆ. ಇದರ ಜೀವ ಇರುವುದು ಒಂದೇ ಕಡೆ: ದುಡ್ಡು ಕೈಗೆ ಬರುವ ಹೊತ್ತಿಗೇ ಮೋಸದ ಉದ್ದೇಶ ಇತ್ತಾ? ಮಾತು ಕೊಟ್ಟು ಆಮೇಲೆ ತಪ್ಪಿದರೆ ಅದು ಕರಾರು ಭಂಗ, ಸಿವಿಲ್ ದಾವೆ. ಕೊಡುವಾಗಲೇ ಮಾತು ಸುಳ್ಳಾಗಿದ್ದರೆ ವಂಚನೆ. 2000ದ ಹೃದಯ ರಂಜನ್ ಪ್ರಸಾದ್ ವರ್ಮಾ ತೀರ್ಪಿನಿಂದ ಇದು ಗಟ್ಟಿಯಾಗಿದೆ.

316 ನಂಬಿಕೆದ್ರೋಹ. ಇಲ್ಲಿ ಮೊದಲು ಒಪ್ಪಿಸುವಿಕೆ ಇರಬೇಕು. ಇದು ನಿನ್ನದಲ್ಲ, ನನ್ನ ಪರವಾಗಿ ಇಟ್ಟುಕೋ ಎಂದು ಕೊಟ್ಟದ್ದನ್ನು ನುಂಗುವುದು. ಹಾಗಾದರೆ ಒಂದೇ ದುಡ್ಡಿನ ಬಗ್ಗೆ ಶುರುವಿನಿಂದಲೇ ಮೋಸ ಇತ್ತು ಅಂತಲೂ, ಪ್ರಾಮಾಣಿಕವಾಗಿ ಪಡೆದು ಆಮೇಲೆ ನುಂಗಿದರು ಅಂತಲೂ ಹೇಳಲು ಬರುವುದಿಲ್ಲ. 2024ರ ಆಗಸ್ಟ್‌ನಲ್ಲಿ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ, ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ಕಿವಿಹಿಂಡಿತು. ಮಾಲಿಗಾಗಿ ನಡೆಯುವ ಮಾರಾಟ ವ್ಯವಹಾರದಲ್ಲಿ ಒಪ್ಪಿಸುವಿಕೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನಿಮ್ಮ ಪ್ರಕರಣದಲ್ಲೂ ಏಳುತ್ತದೆ.

61 ಒಳಸಂಚು. ಉಳಿದದ್ದು 344. ನಿಮ್ಮ ಭಾವನಿಗೆ ನಿಜವಾಗಿ ಕುತ್ತು ತರುವುದು ಇದೇ.

ಲಾ_ಕೊನೆಬೆಂಚು:
344 ಅಂದ್ರೆ ಹಳೆ 477ಎ ಅಲ್ವಾ ಸರ್? ಅದನ್ನ ಯಾರೂ ಸೀರಿಯಸ್ಸಾಗಿ ತಗೊಳಲ್ಲ, 420 ಜೊತೆ ಒಗ್ಗರಣೆಗೆ ಹಾಕ್ತಾರೆ ಅಂತ ಕೇಳಿದ್ದೆ.

ಕರಿಕೋಟು:
ನಿರ್ದೇಶಕರಿಗೆ ಒಗ್ಗರಣೆ ಇರಬಹುದು. ಕಲಂ ಓದಿ ನೋಡಿ: ಗುಮಾಸ್ತ, ಅಧಿಕಾರಿ ಅಥವಾ ನೌಕರ. ಲೆಕ್ಕ ಬರೆಯುವವನನ್ನೇ ಕಣ್ಣಲ್ಲಿಟ್ಟು ಮಾಡಿದ ಕಾನೂನು ಅದು. ಉದ್ದೇಶಪೂರ್ವಕವಾಗಿ, ಮೋಸ ಮಾಡುವ ಇರಾದೆಯಿಂದ ಪುಸ್ತಕದಲ್ಲಿ ಸುಳ್ಳು ನಮೂದು ಮಾಡಿದರೆ, ಇದ್ದದ್ದನ್ನು ಬಿಟ್ಟರೆ, ತಿದ್ದಿದರೆ 7 ವರ್ಷದವರೆಗೆ. ವಂಚನೆ ಎ1ರದು, ಅವನ ಮನಸ್ಸಿನಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ ಎನ್ನಬಹುದು. ನಮೂದು ಮಾಡಿದ್ದು ಎ4ರ ಕೈ.

ಅದಕ್ಕೇ ಒಂದು ಪ್ರಶ್ನೆ, ಇಲ್ಲಿ ಉತ್ತರಿಸಬೇಡಿ, ನಿಮ್ಮ ವಕೀಲರಿಗೆ ಹೇಳಿ. ಆ ವರ್ಗಾವಣೆಗಳನ್ನು ಪುಸ್ತಕದಲ್ಲಿ ಏನೆಂದು ತೋರಿಸಿದ್ದಾರೆ? ಸಹವರ್ತಿ ಕಂಪನಿಗೆ ಕೊಟ್ಟ ಸಾಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ಅದು ಕೆಟ್ಟ ವ್ಯವಹಾರ ಇರಬಹುದು, ಸುಳ್ಳು ನಮೂದಲ್ಲ. ಕಚ್ಚಾ ಮಾಲು ಖರೀದಿ ಎಂದು ಬರೆದಿದ್ದರೆ ಕಥೆ ಬೇರೆ.

ನಿವೃತ್ತ_ಲೆಕ್ಕಿಗ:
ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದವನು, ತನಿಖೆಗಳಿಗೆ ಕಾಗದ ಜೋಡಿಸಿಕೊಟ್ಟು ಅಭ್ಯಾಸವಿದೆ. ವಕೀಲರು ಹೇಳಿದ್ದಕ್ಕೆ ಲೆಕ್ಕದ ಕಡೆಯಿಂದ ಸ್ವಲ್ಪ.

ತನಿಖಾಧಿಕಾರಿ ಮೊದಲು ನೋಡುವುದು ನಿಮ್ಮ ಲೆಡ್ಜರನ್ನಲ್ಲ, ಬ್ಯಾಂಕ್ ಸ್ಟೇಟ್‌ಮೆಂಟನ್ನು. ದುಡ್ಡು ಬಂದ ದಿನ, ಹೊರಟ ದಿನ, ಹೋದ ಖಾತೆ. ಮುಂಗಡ ಬಂದ ಸಂಜೆಯೇ ಪೂರ್ತಿ ಬೇರೆ ಕಡೆ ಹೋಗಿದ್ದರೆ, ಮಾಲು ಕೊಳ್ಳಲು ಒಂದು ಆರ್ಡರ್ ಕೂಡ ಹಾಕಿರದಿದ್ದರೆ, ಶುರುವಿನಲ್ಲೇ ಕೊಡುವ ಮನಸ್ಸು ಇರಲಿಲ್ಲ ಎಂದು ಪ್ರಾಸಿಕ್ಯೂಷನ್ ಹೇಳಲು ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಅದೇ, ಮೊದಲ ಹಲವು ತಿಂಗಳು ಮಾಲು ಹೋಗಿದೆ, ಆಮೇಲೆ ನಗದು ಕಟ್ಟಿಹೋಗಿ ನಿಂತಿದೆ ಎಂದರೆ ಅದು ಸೋತ ವ್ಯಾಪಾರದ ಚಿತ್ರ. ಉದ್ದೇಶ ಮನಸ್ಸಿನಲ್ಲಿರುತ್ತದೆ ಅನ್ನುತ್ತಾರೆ, ಆದರೆ ಅದರ ಹೆಜ್ಜೆ ಗುರುತು ತಾರೀಖುಗಳಲ್ಲಿ ಮೂಡಿರುತ್ತದೆ.

ಎರಡನೆಯದು ಎಡಿಟ್ ಲಾಗ್. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯಲೇಬೇಕು, ಅದನ್ನು ಆರಿಸುವ ಹಾಗಿಲ್ಲ ಎಂಬ ನಿಯಮ ಬಂದಿದೆ. ಯಾವ ಲಾಗಿನ್‌ನಿಂದ, ಎಷ್ಟು ಹೊತ್ತಿಗೆ, ಮೊದಲು ಏನಿತ್ತು, ಆಮೇಲೆ ಏನಾಯಿತು, ಎಲ್ಲ ಅಲ್ಲಿರುತ್ತದೆ. ಜನ ಇದನ್ನು ಆರೋಪಿಗೆ ಉರುಳು ಅಂದುಕೊಳ್ಳುತ್ತಾರೆ. ಪ್ರಾಮಾಣಿಕ ಗುಮಾಸ್ತನಿಗೆ ಅದು ರಕ್ಷೆಯೂ ಹೌದು. ನಿಮ್ಮ ಭಾವ ರಜೆಯಲ್ಲಿದ್ದ ದಿನ ಅವರ ಲಾಗಿನ್‌ನಿಂದ ನಮೂದು ಬಿದ್ದಿದ್ದರೆ ಅದು ದೊಡ್ಡ ಸಾಕ್ಷ್ಯ. ಪಾಸ್‌ವರ್ಡ್ ಚೀಟಿ ಬರೆದು ಮಾನಿಟರಿಗೆ ಅಂಟಿಸುವ ಕಚೇರಿಗಳಿಗೇನೂ ಬರವಿಲ್ಲ.

ಹ್ಯಾಶ್_ವ್ಯಾಲ್ಯೂ:
ಲೆಕ್ಕಿಗರ ಮಾತಿಗೆ ಸೇರಿಸ್ತೀನಿ: ದಯವಿಟ್ಟು ಏನನ್ನೂ ಡಿಲೀಟ್ ಮಾಡಬೇಡಿ. ಮೇಲ್, ಚಾಟ್, ಫೋನ್ ರೀಸೆಟ್, ಯಾವುದೂ ಬೇಡ. ಸಾಕ್ಷ್ಯವಾಗಬಹುದಾದ ದಸ್ತಾವೇಜು ಅಥವಾ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡೋದೇ ಸಂಹಿತೆಯ 241ರ ಪ್ರಕಾರ ಬೇರೆ ಅಪರಾಧ. ಮೂಲ ಕೇಸಲ್ಲಿ ಬಿಡುಗಡೆ ಆಗಬಹುದಾದವರು ಅಳಿಸಲು ಹೋಗಿ ಸಿಕ್ಕಿಕೊಳ್ತಾರೆ. ಅಳಿಸಿದ್ದು ಸರ್ವರಲ್ಲಿ ಇರುತ್ತೆ, ಅಳಿಸಿದ ಸಮಯವೂ ಇರುತ್ತೆ.

ಇನ್ನೊಂದು ಕಡೆಯಿಂದ, ಪೊಲೀಸರು ತರೋ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೂ ಷರತ್ತಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು, ಹೊಸ ನಮೂನೆಯಲ್ಲಿ ಹ್ಯಾಶ್ ವ್ಯಾಲ್ಯೂ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಬದಲಾದ್ರೆ ಇದೂ ಬದಲಾಗುತ್ತೆ) ಕೂಡ ನಮೂದಿಸಬೇಕು. ಹಳೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯ ಅಂತ 2020ರಲ್ಲಿ ಅರ್ಜುನ್ ಪಂಡಿತರಾವ್ ತೀರ್ಪಲ್ಲಿ ಹೇಳಿಯಾಗಿದೆ. ಜಪ್ತಿ ಮಾಡಿದ ದಿನದ ಹ್ಯಾಶ್‌ಗೂ ಪ್ರಯೋಗಾಲಯ ಕೊಟ್ಟ ಹ್ಯಾಶ್‌ಗೂ ತಾಳೆಯಾಗದಿದ್ರೆ ಪಾಟೀಸವಾಲಿಗೆ ಬೇರೇನು ಬೇಕು?

ಠೇವಣಿ_ಕಳೆದವಳು:
ಓದ್ತಾ ಇದ್ದೀನಿ, ಹೊಟ್ಟೆ ಉರೀತಿದೆ. ಇಲ್ಲಿ ಎಲ್ಲರೂ ತಪ್ಪಿಸಿಕೊಳ್ಳೋದು ಹೇಗೆ ಅಂತ ಪಾಠ ಹೇಳ್ತಿದ್ದೀರಿ. ದುಡ್ಡು ಕೊಟ್ಟವರ ಕಥೆ ಯಾರಿಗೂ ಬೇಡ. ನಮ್ಮ ಮನೆಯ ಉಳಿತಾಯ ಒಂದು ಸಂಸ್ಥೆಯಲ್ಲಿ ಮುಳುಗಿತು. ಅಲ್ಲೂ ರಸೀದಿ ಬರೆದುಕೊಟ್ಟವರು ಇಂಥ ಅಕೌಂಟೆಂಟ್‌ಗಳೇ. ಬಡ್ಡಿ ಎಲ್ಲಿಂದ ಬರುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ? ಹೊಸಬರ ದುಡ್ಡಲ್ಲಿ ಹಳಬರಿಗೆ ಬಡ್ಡಿ ಕೊಡ್ತಿದ್ದದ್ದನ್ನ ದಿನಾ ನಮೂದು ಮಾಡ್ತಿದ್ದವರಿಗೆ? ಹೇಳಿದ್ದನ್ನ ಮಾಡಿದೆ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ.

ಕರಿಕೋಟು:
ನಿಮ್ಮ ಸಿಟ್ಟು ನ್ಯಾಯವಾದದ್ದು. ಕಾನೂನು ಕೂಡ ಈ ವಿಷಯದಲ್ಲಿ ನಿಮ್ಮ ಕಡೆಗೇ ಹೆಚ್ಚು ವಾಲುತ್ತದೆ. ಮೇಲಿನವರು ಹೇಳಿದರು ಎಂಬುದು ನಮ್ಮ ದೇಶದಲ್ಲಿ ಸಮರ್ಥನೆಯೇ ಅಲ್ಲ. ಸಂಹಿತೆಯ 32ನೇ ಕಲಂ, ಹಳೆಯ 94, ಒತ್ತಾಯಕ್ಕೆ ಮಾಡಿದ ಕೃತ್ಯಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ಯಾವಾಗ? ಆ ಕ್ಷಣವೇ ಜೀವ ಹೋಗುತ್ತದೆ ಎಂಬ ಭಯ ಇದ್ದಾಗ. ಕೆಲಸ ಹೋಗುತ್ತದೆ, ಬಡ್ತಿ ತಪ್ಪುತ್ತದೆ ಎಂಬ ಭಯ ಅದರಲ್ಲಿ ಬರುವುದೇ ಇಲ್ಲ. ಸದ್ಭಾವನೆಯಿಂದ ಮಾಡಿದೆ ಎಂಬುದೂ ಬಾಯಿಮಾತಿಗೆ ಸಿಗುವುದಿಲ್ಲ. ಸಂಹಿತೆಯ ವ್ಯಾಖ್ಯೆಯಲ್ಲಿ ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ. ಕಣ್ಣು ಮುಚ್ಚಿ ಸಹಿ ಹಾಕಿದೆ ಎನ್ನುವವರು ಇದನ್ನು ಎರಡು ಸಲ ಓದಬೇಕು.

ಹಾಗಿದ್ದರೂ ಎಂ.ಡಿ.ಯ ಮೇಲ್‌ಗೆ ಬೆಲೆ ಇದೆ, ಬೇರೆ ಕಾರಣಕ್ಕೆ. ಅದು ಕ್ಷಮೆಯಲ್ಲ, ಉದ್ದೇಶದ ಸಾಕ್ಷ್ಯ. ಅನುಮಾನ ಬಂದಾಗ ಈತ ಬರೆದು ಕೇಳಿದ್ದಾನೆ, ಮಂಡಳಿಯ ನಿರ್ಣಯ ತೋರಿಸಿ ಅಂದಿದ್ದಾನೆ, ಅವರು ತೋರಿಸಿದ್ದಾರೆ, ಆಮೇಲೆ ಸಹಿ ಹಾಕಿದ್ದಾನೆ ಎಂದರೆ ಮೋಸದ ಇರಾದೆ ಎಲ್ಲಿ? ಏನೂ ಕೇಳದೆ ವರ್ಷಗಟ್ಟಲೆ ಹಾಕಿದ್ದರೆ, ಮೇಡಂ ಕೇಳಿದ ಪ್ರಶ್ನೆಯನ್ನೇ ಸರ್ಕಾರಿ ಅಭಿಯೋಜಕರೂ ಕೇಳುತ್ತಾರೆ.

ಸತ್ಯಂ ಕಂಪ್ಯೂಟರ್ಸ್ ಹಗರಣ ನೆನಪಿಸಿಕೊಳ್ಳಿ. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು ಲೆಕ್ಕ ಉಬ್ಬಿಸಿದ್ದನ್ನು ಒಪ್ಪಿಕೊಂಡರು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಾಗ 10 ಜನರ ಪಟ್ಟಿಯಲ್ಲಿ ಹಣಕಾಸು ವಿಭಾಗದ ನೌಕರರೂ, ಆಂತರಿಕ ಲೆಕ್ಕಪರಿಶೋಧಕರೂ ಇದ್ದರು. ಯಜಮಾನ ಒಪ್ಪಿಕೊಂಡ ಮಾತ್ರಕ್ಕೆ ಗುಮಾಸ್ತ ಪಾರಾಗಲಿಲ್ಲ. ಆಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು, ಅದು ಬೇರೆ ಮಾತು.

ನಿವೃತ್ತ_ಲೆಕ್ಕಿಗ:
ಮೇಡಂ ಹೇಳಿದ ರೀತಿಯ ಠೇವಣಿ ಪ್ರಕರಣಗಳಿಗೆ ಬೇರೆ ದಾರಿಯೂ ಇದೆ. ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಸರ್ಕಾರ ಸಕ್ಷಮ ಪ್ರಾಧಿಕಾರ ನೇಮಿಸಿ ಆಸ್ತಿ ಮುಟ್ಟುಗೋಲು ಹಾಕಿ, ವಿಶೇಷ ನ್ಯಾಯಾಲಯದ ಮೂಲಕ ಹಂಚುತ್ತದೆ. 2019ರ ಬೆಂಗಳೂರಿನ ಐಎಂಎ ಹೂಡಿಕೆ ಹಗರಣದಲ್ಲಿ ಜನ ಹಕ್ಕುಪತ್ರ ಹಾಕಿದ್ದು ಈ ಕಾಯ್ದೆಯಡಿ. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಯೂ ಬಂತು. ಕ್ರಿಮಿನಲ್ ಕೇಸು ಗೆಲ್ಲುವುದೂ ದುಡ್ಡು ವಾಪಸ್ ಬರುವುದೂ ಒಂದೇ ಅಲ್ಲ, ಪ್ರಾಧಿಕಾರದ ಮುಂದೆ ಅರ್ಜಿ ಹಾಕದಿದ್ದರೆ ಬೇಗ ಹಾಕಿ.

ಲಾ_ಕೊನೆಬೆಂಚು:
ಮೂಲ ಪ್ರಶ್ನೆಗೆ ಬರೋಣ. ವಂಚನೆ ಮತ್ತೆ ನಂಬಿಕೆದ್ರೋಹ ಒಟ್ಟಿಗೆ ನಿಲ್ಲಲ್ಲ ಅಂದ್ಮೇಲೆ ಸೀದಾ ಹೈಕೋರ್ಟಿಗೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 528ರಲ್ಲಿ ಎಫ್‌ಐಆರ್ ರದ್ದು ಮಾಡಿಸಬಹುದಲ್ವಾ?

ಜಿಲ್ಲಾಕೋರ್ಟ್_ಜಗಲಿ:
ತಮ್ಮಾ, ಪುಸ್ತಕದಲ್ಲಿ ಹೌದು. ಜಗಲಿ ಮೇಲೆ ಕೂತು ನೋಡಿದವರಿಗೆ ಗೊತ್ತು. 1992ರ ಭಜನ್‌ಲಾಲ್ ತೀರ್ಪಿನಲ್ಲಿ ರದ್ದು ಮಾಡಬಹುದಾದ ಸಂದರ್ಭಗಳನ್ನ ಪಟ್ಟಿ ಮಾಡಿದ್ದಾರೆ, ಎಲ್ಲ ಅರ್ಜಿಯಲ್ಲೂ ಅದನ್ನ ಅಂಟಿಸ್ತಾರೆ. ಆದರೆ ತನಿಖೆ ಇನ್ನೂ ಶುರುವಿನಲ್ಲಿದ್ದಾಗ ಕೋರ್ಟು ಕೈ ಹಾಕೋದು ಅಪರೂಪ. 2021ರ ನೀಹಾರಿಕಾ ತೀರ್ಪು ಬಂದ ಮೇಲೆ ಬಲವಂತದ ಕ್ರಮ ಬೇಡ ಅನ್ನೋ ಸಾರಾಸಗಟು ಮಧ್ಯಂತರ ಆದೇಶ ಕೂಡ ಸುಲಭಕ್ಕೆ ಸಿಗಲ್ಲ. ಎರಡರಲ್ಲಿ ಒಂದು ಕಲಂ ಬೀಳುತ್ತೆ ಅಂದ್ರೆ ಇನ್ನೊಂದು ಉಳಿಯಬಹುದು ಅಂತಲೂ ಅರ್ಥ.

ಎ4ಗೆ ಹೆಚ್ಚು ಕೆಲಸಕ್ಕೆ ಬರೋದು ಆರೋಪಪಟ್ಟಿ ಬಂದಮೇಲಿನ ಆರೋಪಮುಕ್ತಿ ಅರ್ಜಿ. ಆಗ ಪೊಲೀಸರ ಕಾಗದ ಪೂರ್ತಿ ಕೈಲಿರುತ್ತೆ. ಅದರಲ್ಲಿ ಇವರ ಹೆಸರಿನ ಮುಂದೆ ಸಹಿ ಬಿಟ್ಟು ಏನಿದೆ ತೋರಿಸಿ ಅಂತ ಕೇಳಬಹುದು. ಒಬ್ಬ ಹುದ್ದೆಯಲ್ಲಿದ್ದ ಅಂದ ಮಾತ್ರಕ್ಕೆ ಕಂಪನಿ ಮಾಡಿದ್ದಕ್ಕೆ ಹೊಣೆ ಅಲ್ಲ ಅಂತ 2015ರ ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚೆಕ್ ಬೌನ್ಸ್ ಥರ ಕಾಯ್ದೆಯೇ ಹೊಣೆ ಹೊರಿಸಿದ್ರೆ ಬೇರೆ. ನ್ಯಾಯ ಸಂಹಿತೆಯಲ್ಲಿ ಅಂಥ ಹೊಣೆ ವರ್ಗಾವಣೆ ಇಲ್ಲ. ಯಾರು ಏನು ಮಾಡಿದ್ರು ಅಂತ ಒಬ್ಬೊಬ್ಬರದ್ದೂ ಬಿಡಿಸಿ ಹೇಳಬೇಕು.

ಕರಿಕೋಟು:
ಒಪ್ಪುತ್ತೇನೆ, ಒಂದು ತಿದ್ದುಪಡಿ ಬಿಟ್ಟು. ಕರಾರು, ಇನ್‌ವಾಯ್ಸ್, ಪಾವತಿ ಎಲ್ಲ ನಿರ್ವಿವಾದವಾಗಿದ್ದು, ದೂರುದಾರರು ಆಗಲೇ ಸಿವಿಲ್ ದಾವೆಯನ್ನೂ ಹೂಡಿದ್ದರೆ ಹೈಕೋರ್ಟ್ ಬಾಗಿಲು ತಟ್ಟುವುದು ವ್ಯರ್ಥವಲ್ಲ. ಸಾಲ ವಸೂಲಿಗೆ ಠಾಣೆ ಬಳಸುವುದನ್ನು ಸುಪ್ರೀಂ ಕೋರ್ಟ್ 2006ರ ಇಂಡಿಯನ್ ಆಯಿಲ್ ವಿರುದ್ಧ ಎನ್‌ಇಪಿಸಿ ತೀರ್ಪಿನಿಂದ ಇತ್ತೀಚಿನವರೆಗೂ ಬೈಯುತ್ತಲೇ ಬಂದಿದೆ. ಆದರೆ ಆ ಅರ್ಜಿ ಎ1ಗೆ ಒಪ್ಪುವಷ್ಟು ಎ4ಗೆ ಒಪ್ಪುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕಂಪನಿಯ ವಕೀಲರು ಬೇಡ.

ಅವರು ಕೆಟ್ಟವರು ಅಂತಲ್ಲ. ಕಂಪನಿಯ ಮತ್ತು ಎಂ.ಡಿ.ಯ ಹಿತ, ನಿಮ್ಮ ಭಾವನ ಹಿತ ಒಂದೇ ಅಲ್ಲ. ಎಂ.ಡಿ.ಯ ಸುಲಭದ ವಾದ ಯಾವುದು? ನನಗೆ ಲೆಕ್ಕಪತ್ರ ತಿಳಿಯದು, ಅಕೌಂಟ್ಸ್‌ನವರು ಇಟ್ಟ ಕಡೆ ಸಹಿ ಹಾಕಿದೆ. ನಿಮ್ಮ ಭಾವನದು? ಎಂ.ಡಿ. ಹೇಳಿದ ಕಡೆ ಸಹಿ ಹಾಕಿದೆ. ಈ ಎರಡನ್ನೂ ಒಬ್ಬರೇ ವಕೀಲರು ಒಂದೇ ನ್ಯಾಯಾಧೀಶರ ಮುಂದೆ ಹೇಳಲು ಸಾಧ್ಯವಿಲ್ಲ. ಹೇಳಲಾಗದ್ದನ್ನು ಹೇಳದೆ ಬಿಡುತ್ತಾರೆ. ಬಿಟ್ಟುಹೋಗುವುದು ಯಾವಾಗಲೂ ಫೀಸು ಕೊಡದವರ ವಾದ. ಪೊಲೀಸರ ಮುಂದೆ ಏನು ಹೇಳಬೇಕು ಎಂದು ಕಂಪನಿ ಬರೆದುಕೊಟ್ಟ ಉತ್ತರಗಳಿಗೂ ಇದೇ ಮಾತು. ಫೀಸು ಕಷ್ಟವಾದರೆ ಸಣ್ಣ ವಕೀಲರನ್ನೇ ಹಿಡಿಯಿರಿ, ಆದರೆ ನಿಮ್ಮವರನ್ನು ಹಿಡಿಯಿರಿ.

ಮುಂಗಾರು_ಮೋಡ:
ಎಲ್ಲರಿಗೂ ಧನ್ಯವಾದ. ವಕೀಲರ ವಿಷಯ ಹೇಳಿದ್ದು ಒಳ್ಳೇದಾಯ್ತು, ನಾಳೆಯೇ ಬೇರೆಯವರನ್ನ ನೋಡ್ತೀವಿ. ನೋಟಿಸ್ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ನಡೆಯುತ್ತಾ? ಹೋದರೆ ಅರೆಸ್ಟ್ ಮಾಡ್ತಾರಾ? ಫೋನ್ ಕೇಳಿದರೆ? ಮನೆಯಲ್ಲಿ ಎಲ್ಲರಿಗೂ ಇ.ಡಿ. (ಜಾರಿ ನಿರ್ದೇಶನಾಲಯ) ಬರುತ್ತೆ ಅನ್ನೋ ಭಯ ಬೇರೆ.

ಜಿಲ್ಲಾಕೋರ್ಟ್_ಜಗಲಿ:
ಒಂದೊಂದಾಗಿ. 35ರ ನೋಟಿಸನ್ನ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ ಅಂತ 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಸುಮ್ಮನೆ ಕೂರಬೇಡಿ. ಅದು ನಿಜವಾದ ಠಾಣೆಯಿಂದಲೇ ಬಂದದ್ದಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ, ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ ದುಡ್ಡು ಕೀಳೋರ ಕಾಲ ಇದು. ಖಾತ್ರಿಯಾದರೆ ವಕೀಲರ ಮೂಲಕ ಲಿಖಿತ ಉತ್ತರ ಕೊಟ್ಟು, ಹೇಳಿದ ದಿನ ಹೋಗಿ. ನೋಟಿಸ್ ಪಾಲಿಸುತ್ತಾ ಇರೋವರೆಗೆ ಬಂಧಿಸಬಾರದು, ಬಂಧಿಸಬೇಕಾದ್ರೆ ಕಾರಣ ಬರೆದಿಡಬೇಕು. ತಪ್ಪಿಸಿಕೊಂಡ್ರೆ ಆ ರಕ್ಷಣೆ ಹೋಗುತ್ತೆ. 7 ವರ್ಷದವರೆಗಿನ ಅಪರಾಧಕ್ಕೆ ಯಾಂತ್ರಿಕವಾಗಿ ಬಂಧಿಸಬೇಡಿ ಅಂತ 2014ರಲ್ಲೇ ಅರ್ನೇಶ್ ಕುಮಾರ್ ತೀರ್ಪು ಬಂದಿದೆ. ಆದರೂ ಭಯ ಇದ್ರೆ ಸುರಕ್ಷಾ ಸಂಹಿತೆಯ 482ರಲ್ಲಿ ನಿರೀಕ್ಷಣಾ ಜಾಮೀನಿಗೆ ಸೆಷನ್ಸ್ ಕೋರ್ಟಿಗೆ ಹಾಕಿ.

ಎಫ್‌ಐಆರ್‌ನಲ್ಲಿ 316ರ ಮುಂದೆ ಬ್ರಾಕೆಟ್‌ನಲ್ಲಿ ಎಷ್ಟು ಅಂತ ನೋಡಿದ್ರಾ? (2) ಸಾದಾ, (4) ಗುಮಾಸ್ತ ಅಥವಾ ನೌಕರ. (5) ಆದ್ರೆ ಬ್ಯಾಂಕರ್, ವ್ಯಾಪಾರಿ, ಏಜೆಂಟ್ ಮುಂತಾದವರು, ಹಳೇ 409, ಜೀವಾವಧಿವರೆಗೂ ಹೋಗುತ್ತೆ. ಈ (5) ಸೇರಿಸೋದಕ್ಕೆ ಎಷ್ಟೋ ಸಲ ಬೇರೆ ಉದ್ದೇಶ ಇರುತ್ತೆ. ಬಂಧನವಾದ್ರೆ ಆರೋಪಪಟ್ಟಿ ಹಾಕೋಕೆ ಪೊಲೀಸರಿಗೆ 60 ದಿನದ ಬದಲು 90 ದಿನ ಸಿಗುತ್ತೆ, ಅಷ್ಟರೊಳಗೆ ಹಾಕದಿದ್ರೆ ಸಿಗಬೇಕಾದ ಜಾಮೀನು ಒಂದು ತಿಂಗಳು ಮುಂದಕ್ಕೆ ಹೋಗುತ್ತೆ. ಸಂಬಳದ ನೌಕರ ಏಜೆಂಟ್ ಹೇಗಾದ ಅಂತ ಮೊದಲ ದಿನವೇ ಕೇಳಬೇಕು. ನಿರ್ದೇಶಕರ ಕಥೆ ಬೇರೆ, 1962ರ ದಾಲ್ಮಿಯಾ ಪ್ರಕರಣದಿಂದ ಅವರಿಗೆ ಆ ಕಲಂ ಅಂಟುತ್ತಾ ಬಂದಿದೆ.

ಕರಿಕೋಟು:
ಹೇಳಿಕೆಯ ಬಗ್ಗೆ. ಪೊಲೀಸರು ವಿಚಾರಣೆಯಲ್ಲಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕುವ ಹಾಗಿಲ್ಲ, ಕಾನೂನೇ ಬೇಡ ಎನ್ನುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ತರುವಂತಿಲ್ಲ. ತನ್ನ ಮೇಲೇ ಸಾಕ್ಷಿ ಹೇಳಬೇಕಿಲ್ಲ ಎಂಬ ಸಂವಿಧಾನದ 20(3)ರ ಹಕ್ಕೂ ಇದೆ. ಆದರೆ ದಾಖಲೆ ಕೇಳಿದರೆ ಕೊಡಿ, ಪಟ್ಟಿ ಮಾಡಿ ಸ್ವೀಕೃತಿ ಪಡೆಯಿರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಊಹಿಸಿ ಉತ್ತರಿಸಿದ್ದು ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆಯಾಗದೆ ಸುಳ್ಳು ಎನಿಸಿಕೊಳ್ಳುತ್ತದೆ. ಫೋನಿನ ಪಾಸ್‌ವರ್ಡ್ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ 2021ರ ವೀರೇಂದ್ರ ಖನ್ನಾ ತೀರ್ಪು ಪಾಸ್‌ವರ್ಡ್ ಕೊಡುವುದು ಸ್ವಂತದ ಮೇಲೆ ಸಾಕ್ಷಿ ಹೇಳಿದಂತಲ್ಲ ಎಂಬ ನಿಲುವು ತಾಳಿದೆ. ಈ ಬಗ್ಗೆ ಬೇರೆ ಅಭಿಪ್ರಾಯಗಳೂ ಇವೆ, ಅಲ್ಲಿ ನಿಂತು ನೀವೇ ವಾದಿಸಬೇಡಿ, ವಕೀಲರಿಗೆ ಬಿಡಿ.

ಇ.ಡಿ. ಆದರೆ ನಿಯಮವೇ ಬೇರೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 50ನೇ ಕಲಂ ಅಡಿ ಕೊಡುವ ಹೇಳಿಕೆಗೆ ಸಹಿ ಇರುತ್ತದೆ, ಅದು ಸಾಕ್ಷ್ಯವಾಗಿ ಬರುತ್ತದೆ, ಸುಳ್ಳು ಹೇಳಿದರೆ ಅದೇ ಅಪರಾಧ. ಜಾಮೀನಿಗೆ 45ನೇ ಕಲಂನ ಅವಳಿ ಷರತ್ತು ಅಡ್ಡ ಬರುತ್ತದೆ: ಈತ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಬಿಟ್ಟರೆ ಮತ್ತೆ ಅಪರಾಧ ಮಾಡುವುದಿಲ್ಲ, ಎರಡೂ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. 2017ರಲ್ಲಿ ಇದನ್ನು ಅಸಾಂವಿಧಾನಿಕ ಅಂದರು, 2018ರಲ್ಲಿ ತಿದ್ದುಪಡಿಯಾಯಿತು, 2022ರ ಜುಲೈನಲ್ಲಿ ವಿಜಯ್ ಮದನ್‌ಲಾಲ್ ತೀರ್ಪು ಎತ್ತಿಹಿಡಿಯಿತು. ಮೊತ್ತ 1 ಕೋಟಿಗಿಂತ ಕಡಿಮೆಯಾದರೆ, ಮಹಿಳೆ ಅಥವಾ ರೋಗಿಯಾದರೆ ಸಡಿಲಿಕೆ ಇದೆ.

ಆದರೆ ಇ.ಡಿ. ಬರಬೇಕಾದರೆ ಮೂಲ ಅಪರಾಧ ಆ ಕಾಯ್ದೆಯ ಅನುಬಂಧದಲ್ಲಿ ಇರಬೇಕು. ವಂಚನೆ ಇದೆ, ನಂಬಿಕೆದ್ರೋಹ ಇಲ್ಲ. ಅನುಬಂಧದಲ್ಲಿಲ್ಲದ ಅಪರಾಧಕ್ಕೆ ಒಳಸಂಚನ್ನು ಅಂಟಿಸಿ ಇ.ಡಿ.ಯನ್ನು ಒಳಗೆ ತರುವಂತಿಲ್ಲ ಎಂದು 2023ರ ಪಾವನಾ ದಿಬ್ಬೂರ್ ಪ್ರಕರಣದಲ್ಲಿ ಹೇಳಿದ್ದಾರೆ. ಮೊದಲ ಉತ್ತರದಲ್ಲಿ ನಾನು 318 ಮತ್ತು 316ರ ನಡುವೆ ಅಷ್ಟು ಎಳೆದಾಡಿದ್ದಕ್ಕೆ ಇದೂ ಒಂದು ಕಾರಣ. 318 ಬಿದ್ದರೆ ಇ.ಡಿ.ಯ ಬುನಾದಿಯೂ ಕುಸಿಯಬಹುದು. ಒಂದು ವೇಳೆ ಬಂದರೂ ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಲೇಬೇಕು, 2023ರ ಪಂಕಜ್ ಬನ್ಸಲ್ ತೀರ್ಪು.

ಲಾ_ಕೊನೆಬೆಂಚು:
ಮತ್ತೆ ದೆಹಲಿಯ ಮಾಜಿ ಉಪಮುಖ್ಯಮಂತ್ರಿ ಸಿಸೋಡಿಯಾ ಕೇಸು. ಸುಮಾರು 17 ತಿಂಗಳು ಒಳಗಿದ್ದ ಮೇಲೆ 2024ರ ಆಗಸ್ಟ್‌ನಲ್ಲಿ ವಿಚಾರಣೆ ವಿಳಂಬದ ಮೇಲೆ ಜಾಮೀನು ಸಿಕ್ತು.

ಠೇವಣಿ_ಕಳೆದವಳು:
ಮಂತ್ರಿಗಳಿಗೇ 17 ತಿಂಗಳು ಅಂದ್ರೆ ಗುಮಾಸ್ತನ ಗತಿ? ನಾನು ಸಿಟ್ಟಲ್ಲಿ ಬರೆದೆ, ಬರೆದದ್ದು ವಾಪಸ್ ತಗೊಳಲ್ಲ. ಆದರೆ ಒಂದು ಹೇಳ್ತೀನಿ ಮೋಡ ಅವರೇ. ನಮ್ಮ ಪ್ರಕರಣದಲ್ಲಿ ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಿದ್ದವರು ಒಳಗಿನವರು ಮಾತ್ರ. ಅವರಲ್ಲಿ ಒಬ್ಬರು ಬಾಯಿ ಬಿಟ್ಟಿದ್ರೂ ನಾವು ಇಷ್ಟು ಅಲೆಯಬೇಕಿರಲಿಲ್ಲ. ನಿಮ್ಮ ಭಾವನಿಗೆ ಗೊತ್ತಿರೋದನ್ನ ಹೇಳೋಕೆ ಕಾನೂನಲ್ಲಿ ದಾರಿ ಇಲ್ವಾ?

ಜಿಲ್ಲಾಕೋರ್ಟ್_ಜಗಲಿ:
ಇದೆ ಮೇಡಂ. ಮಾಫಿ ಸಾಕ್ಷಿ. ನಾಗರಿಕ ಸುರಕ್ಷಾ ಸಂಹಿತೆಯ 343. ತನಗೆ ಗೊತ್ತಿರೋದನ್ನ ಪೂರ್ತಿ, ಮುಚ್ಚಿಡದೆ ಹೇಳ್ತೀನಿ ಅಂದ್ರೆ ಕೋರ್ಟು ಕ್ಷಮಾದಾನ ಕೊಡಬಹುದು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೂ ಅನ್ವಯಿಸುತ್ತೆ. ಆದರೆ ಅರ್ಧ ಹೇಳಿ ಅರ್ಧ ನುಂಗಿದ್ರೆ ಕ್ಷಮೆ ರದ್ದಾಗಿ ಮತ್ತೆ ಆರೋಪಿಯ ಕಟಕಟೆಯೇ. ಅದಕ್ಕಿಂತ ಮೊದಲು, ಪೊಲೀಸರಿಗೇ ಮನವರಿಕೆಯಾದ್ರೆ ಆರೋಪಪಟ್ಟಿಯಲ್ಲಿ ಎ4ನ ಕೈಬಿಟ್ಟು ಸಾಕ್ಷಿ ಮಾಡೋದೂ ಉಂಟು. ನನ್ನ ಕಣ್ಣಿಗೆ ಸಂಬಳದ ನೌಕರರಿಗೆ ಅದೇ ಒಳ್ಳೇ ದಾರಿ. ಕರಿಕೋಟು ಒಪ್ಪಲಿಕ್ಕಿಲ್ಲ.

ಕರಿಕೋಟು:
ಅರ್ಧ ಒಪ್ಪುತ್ತೇನೆ. ಕಾಗದ ನೋಡುವ ಮೊದಲೇ ಸಾಕ್ಷಿಯಾಗುತ್ತೇನೆ ಎಂದು ಓಡುವುದು ಬೇಡ. ಆರೋಪಮುಕ್ತಿಗೆ ಗಟ್ಟಿ ದಾರಿ ಇದ್ದರೆ ತಪ್ಪೊಪ್ಪಿಗೆಯ ಬಾಗಿಲಿನಿಂದ ಯಾಕೆ ಹೋಗಬೇಕು?

ರಾಜಿ ಬಗ್ಗೆಯೂ ಹೇಳಿಬಿಡುತ್ತೇನೆ, ಕಂಪನಿ ಆ ಮಾತು ಎತ್ತೇ ಎತ್ತುತ್ತದೆ. ವಂಚನೆಯನ್ನು ನ್ಯಾಯಾಲಯದ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು. ಖಾಸಗಿ ಸ್ವರೂಪದ ವ್ಯಾಪಾರಿ ವ್ಯಾಜ್ಯವನ್ನು ರಾಜಿಯ ಮೇಲೆ ಹೈಕೋರ್ಟ್ ರದ್ದು ಮಾಡಬಹುದು ಎಂದು 2012ರ ಗ್ಯಾನ್ ಸಿಂಗ್ ತೀರ್ಪು ಹೇಳಿದೆ. ಸಾರ್ವಜನಿಕ ಹಣಕಾಸಿಗೆ ಧಕ್ಕೆ ತರುವ ಆರ್ಥಿಕ ಅಪರಾಧವಾದರೆ ರಾಜಿ ಸಾಲದು ಎಂದು 2017ರ ಪರ್ಬತ್‌ಭಾಯ್ ಪ್ರಕರಣದಲ್ಲಿ ಎಚ್ಚರಿಸಿದೆ. ಕೆಲವೇ ವಿತರಕರ ವ್ಯವಹಾರ ಮೊದಲನೆಯ ಗುಂಪಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ರಾಜಿ ಪತ್ರದಲ್ಲಿ ಎ4ರ ಹೆಸರೂ ಇರಬೇಕು. ಮಾಲೀಕರು ತಮ್ಮ ಮಟ್ಟಿಗೆ ಮುಗಿಸಿಕೊಂಡು ನೌಕರನನ್ನು ಮರೆತ ಉದಾಹರಣೆ ಕಣ್ಣಾರೆ ಕಂಡಿದ್ದೇನೆ.

ಹ್ಯಾಶ್_ವ್ಯಾಲ್ಯೂ:
ಖಾತೆ ಫ್ರೀಜ್ ಬಗ್ಗೆ ಯಾರೂ ಹೇಳಲಿಲ್ಲ. ಸುರಕ್ಷಾ ಸಂಹಿತೆಯ 106ರಲ್ಲಿ ಫ್ರೀಜ್ ಮಾಡಿದ್ರೆ ಪೊಲೀಸರು ಅದನ್ನ ತಕ್ಷಣ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಬ್ಯಾಂಕಿಂದ ಆ ಪತ್ರದ ಪ್ರತಿ ತಗೊಳ್ಳಿ, ವರದಿ ಆಗಿದ್ಯಾ ನೋಡಿ, ಖಾತೆ ಬಿಡಿಸಿಕೊಳ್ಳೋಕೆ ಅದೇ ಸಂಹಿತೆಯ 503ರಲ್ಲಿ ಅರ್ಜಿ ಹಾಕಿ. ಸಂಬಳ ಬಿಟ್ಟು ಬೇರೆ ಜಮೆ ಇಲ್ಲ ಅಂತ ಸ್ಟೇಟ್‌ಮೆಂಟ್ ತೋರಿಸಿದ್ರೆ ಬಿಡಿಸಿಕೊಳ್ಳೋದು ಕಷ್ಟವಾಗಬಾರದು.

ಮುಂಗಾರು_ಮೋಡ:
ಹೊಸ ವಕೀಲರನ್ನ ನೋಡಿ ಬಂದ್ವಿ. ವಿಚಾರಣೆಗೆ ಸ್ವಲ್ಪ ದಿನದ ಸಮಯ ಕೇಳಿ ಉತ್ತರ ಕೊಟ್ಟಿದ್ದಾರೆ. 316ರ ಮುಂದೆ (4) ಮತ್ತೆ (5) ಎರಡೂ ಇದೆ. ವರ್ಗಾವಣೆಗಳನ್ನ ಸಹವರ್ತಿ ಕಂಪನಿ ಸಾಲ ಅಂತಲೇ ಬರೆದಿದ್ದಾರಂತೆ, ಅಷ್ಟು ಸಮಾಧಾನ. ಆದರೆ ಸ್ಟೇಟ್‌ಮೆಂಟ್ ತೆಗೆದಾಗ ಒಂದು ಜಮೆ ಕಾಣಿಸ್ತು. ಮಾರ್ಚ್‌ನಲ್ಲಿ ಇನ್‌ಸೆಂಟಿವ್ ಅಂತ ಬಂದಿದೆ. ಮುಂಗಡ ಸಂಗ್ರಹದ ಗುರಿ ಮುಟ್ಟಿದ್ದಕ್ಕೆ ಅಂತೆ. ಭಾವ ಅದನ್ನೂ ಸಂಬಳ ಅಂತಲೇ ಅಂದುಕೊಂಡಿದ್ದರು, ಬೇಕಂತ ಮುಚ್ಚಿಟ್ಟದ್ದಲ್ಲ. ಇದನ್ನ ಹೇಳಬೇಕಾ?

ನಿವೃತ್ತ_ಲೆಕ್ಕಿಗ:
ತನಿಖಾಧಿಕಾರಿ ಅದನ್ನು ಆಗಲೇ ನೋಡಿರುತ್ತಾರೆ. ಕೇಳಬೇಕಾದ್ದು ಇಷ್ಟು: ನೇಮಕಾತಿ ಪತ್ರದಲ್ಲಿ ಆ ಇನ್‌ಸೆಂಟಿವ್‌ನ ಉಲ್ಲೇಖ ಇದೆಯಾ, ಟಿಡಿಎಸ್ ಕಡಿತವಾಗಿದೆಯಾ, ಫಾರ್ಮ್ 16ರಲ್ಲಿ ಬಂದಿದೆಯಾ, ಬೇರೆ ಸಿಬ್ಬಂದಿಗೂ ಅದೇ ಲೆಕ್ಕದಲ್ಲಿ ಸಿಕ್ಕಿದೆಯಾ. ನಾಲ್ಕಕ್ಕೂ ಹೌದು ಆದರೆ ಅದು ಸಂಬಳದ ಭಾಗವೇ. ಇವರೊಬ್ಬರಿಗೇ, ಮಾಲೀಕರ ಇನ್ನೊಂದು ಕಂಪನಿಯ ಖಾತೆಯಿಂದ ಬಂದಿದ್ದರೆ ಬೇರೆ ಬಣ್ಣ ಬರುತ್ತದೆ.

ಕರಿಕೋಟು:
ಖಾತೆ ಬಿಡಿಸುವ ಅರ್ಜಿಯಲ್ಲಿ ಸಂಬಳ ಬಿಟ್ಟು ಬೇರೆ ಜಮೆ ಇಲ್ಲ ಎಂದು ಪ್ರಮಾಣ ಮಾಡಿ ಬರೆದಿದ್ದರೆ, ಸಲ್ಲಿಸುವ ಮೊದಲು ಆ ಸಾಲು ತೆಗೆಸಿ. ಇನ್‌ಸೆಂಟಿವ್‌ನ ಮೊತ್ತ, ದಿನಾಂಕ, ಯಾವ ಖಾತೆಯಿಂದ ಬಂತು ಎಂಬುದನ್ನು ಇವತ್ತೇ ಹೊಸ ವಕೀಲರಿಗೆ ಹೇಳಿ. ಪೊಲೀಸರಿಗೆ ಯಾವಾಗ, ಹೇಗೆ ಹೇಳಬೇಕೆಂಬುದನ್ನು ಅವರು ನಿರ್ಧರಿಸಲಿ. ಇನ್ನು ಮುಂದಿನ ವಿವರಗಳನ್ನು ಇಲ್ಲಿ ಬರೆಯಬೇಡಿ, ದೂರುದಾರರ ಕಡೆಯವರೂ ಓದುತ್ತಿರಬಹುದು.